ಬನವಾಸಿ ಕದಂಬರ ಕೈತಪ್ಪಿದ್ದು ಯಾವಾಗ? ಬಾದಾಮಿ ಅದನ್ನು ತನ್ನದಾಗಿಸಿಕೊಂಡದ್ದು ಹೇಗೆ?

ವರದಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು. ಕದಂಬರ ಪಾಠ ಮುಗಿಸಿ ಬಾದಾಮಿ ಚಾಲುಕ್ಯರ ಪಾಠಕ್ಕೆ ಬಂದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ ಪ್ರಶ್ನೆಗೆ ನನಗೆ ಅಲ್ಲಿಯೇ ಉತ್ತರ ಹೇಳಲಾಗಲಿಲ್ಲ. ಕರಿಹಲಗೆಯ ಮೇಲೆ ನಾನು ಕದಂಬರ ಕಾಲವನ್ನು ಕ್ರಿ.ಶ. 345ರಿಂದ 540 ಎಂದು ಬರೆದಿದ್ದೆ. ಮರುದಿನ ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳನ್ನು ಹೇಳುವಾಗ, ಅವನು ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಬನವಾಸಿಯನ್ನು ಮುತ್ತಿ ಗೆದ್ದನೆಂದೆ. "ಕದಂಬರು 540ರಲ್ಲೇ ಮುಗಿದಿದ್ದರೆ 610ರ ಮೇಲೆ ಆ ಕೋಟೆಯೊಳಗೆ ಇದ್ದವರು ಯಾರು ಸರ್?" ಎಂದು ಅವಳು ಕೇಳಿದಳು. ಆ ಮಗು ಎರಡು ಪಾಠಗಳನ್ನು ಒಟ್ಟಿಗೆ ಇಟ್ಟು ನೋಡಿತ್ತು. ಇಷ್ಟು ವರ್ಷ ಪಾಠ ಹೇಳಿದ ನಾನು ಹಾಗೆ ನೋಡಿರಲಿಲ್ಲ.

ಕೀರ್ತಿವರ್ಮನ ತಂದೆ ಮೊದಲನೆಯ ಪುಲಕೇಶಿಯ ಬಾದಾಮಿಯ ಬಂಡೆಯ ಶಾಸನ ಶಕ 465ರದು, ಅಂದರೆ ಕ್ರಿ.ಶ. 543. ಕೀರ್ತಿವರ್ಮ ಕದಂಬರನ್ನು ಸೋಲಿಸಿದನೆಂದೂ, ಆಮೇಲೆ ಅವನ ಮಗ ಇಮ್ಮಡಿ ಪುಲಕೇಶಿ ಬನವಾಸಿಯನ್ನು ಮತ್ತೆ ಮುತ್ತಿದನೆಂದೂ ಐಹೊಳೆಯ ಶಾಸನ ಹೇಳುತ್ತದೆ. ಹಾಗಿದ್ದರೆ ಕದಂಬ ರಾಜ್ಯ ಮೂರು ತಲೆಮಾರುಗಳಲ್ಲಿ ಮೂರು ಸಲ ಬಿದ್ದಿತೇ? ಶಾಸನಗಳನ್ನು ಓದಿದವರು ದಯವಿಟ್ಟು ತಿಳಿಸಿಕೊಡಬೇಕು.

ಶಾಸನಾಸಕ್ತ

ಸರ್, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಸರಿಯಾದ ಜಾಗಕ್ಕೇ ಕೈ ಹಾಕಿದೆ. 540 ಎಂಬ ವರ್ಷ ಯಾವ ಕದಂಬ ಶಾಸನದಲ್ಲಿಯೂ ಇಲ್ಲ. ಬಾದಾಮಿಯ 543ರ ಶಾಸನಕ್ಕೆ ಸ್ವಲ್ಪ ಮುಂಚೆ ಎಂಬ ಲೆಕ್ಕದಲ್ಲಿ ಪಠ್ಯಪುಸ್ತಕಗಳು ಹಾಕಿಕೊಂಡ ದುಂಡು ಸಂಖ್ಯೆ ಅದು.

ಮೊದಲು ಆ ಬಂಡೆಯ ಶಾಸನವನ್ನೇ ನೋಡೋಣ. ಅದರಲ್ಲಿ ಚಾಲುಕ್ಯ ವಲ್ಲಭೇಶ್ವರ, ಎಂದರೆ ಮೊದಲನೆಯ ಪುಲಕೇಶಿ, ಅಶ್ವಮೇಧ ಮೊದಲಾದ ಯಜ್ಞಗಳನ್ನು ಮಾಡಿದವನು, ಹಿರಣ್ಯಗರ್ಭವೆಂಬ ಮಹಾದಾನದ ವಿಧಿಯಿಂದ ಮತ್ತೆ ಹುಟ್ಟಿದವನು, ವಾತಾಪಿಯ ಬೆಟ್ಟವನ್ನು ಕೆಳಗಿನಿಂದಲೂ ಮೇಲಿನಿಂದಲೂ ಶತ್ರುಗಳಿಗೆ ಅಜೇಯವಾದ ದುರ್ಗವಾಗಿ ಮಾಡಿಸಿದವನು ಎಂದು ಇದೆ. ಬಾದಾಮಿಯ ಕೆರೆಯ ದಂಡೆಯಲ್ಲಿ ನಿಂತು ಎರಡೂ ಬದಿಯ ಕೆಂಪು ಬಂಡೆಗಳನ್ನು ನೋಡಿದವರಿಗೆ "ಕೆಳಗೂ ಮೇಲೂ" ಎಂಬ ಮಾತು ಎಷ್ಟು ನಿಖರವಾದದ್ದು ಎಂದು ತಿಳಿಯುತ್ತದೆ. ಆದರೆ ಆ ಶಾಸನದಲ್ಲಿ ಕದಂಬರ ಹೆಸರೇ ಇಲ್ಲ. ಯಾರನ್ನೋ ಸೋಲಿಸಿದೆನೆಂಬ ಮಾತೂ ಇಲ್ಲ. ಮೇಲೆ ಒಬ್ಬ ಒಡೆಯನಿದ್ದರೆ ಅಧೀನನಾದವನು ಅಶ್ವಮೇಧ ಮಾಡುವಂತಿಲ್ಲವಾದ್ದರಿಂದ ಅದು ಸ್ವಾತಂತ್ರ್ಯದ ಘೋಷಣೆ ಎನ್ನಬಹುದು. ಬನವಾಸಿಯ ಪತನದ ದಾಖಲೆ ಎನ್ನಲಾಗದು. ಅಂದು ನಡೆದದ್ದು ಇಷ್ಟೇ: ಮಲಪ್ರಭೆಯ ಕಣಿವೆ ಬನವಾಸಿಯ ಮಾತು ಕೇಳುವುದನ್ನು ಬಿಟ್ಟಿತು.

ಆಗ ಬನವಾಸಿಯ ಸ್ಥಿತಿ ಹೇಗಿತ್ತು ಎಂಬುದು ಇದಕ್ಕಿಂತ ಮುಖ್ಯ. ಕಾಕುತ್ಸ್ಥವರ್ಮನ ನಂತರ ಮನೆತನ ಎರಡಾಯಿತು. ಶಾಂತಿವರ್ಮ ಬನವಾಸಿಯಲ್ಲಿ ಉಳಿದ. ತಮ್ಮ ಕೃಷ್ಣವರ್ಮನ ಶಾಖೆ ತ್ರಿಪರ್ವತದಿಂದ ಆಳಿತು. ಇದು ಅಣ್ಣತಮ್ಮಂದಿರು ಸಮಾಧಾನದಿಂದ ಪಾಲು ಮಾಡಿಕೊಂಡ ಕಥೆಯಲ್ಲ. ಆ ಕೃಷ್ಣವರ್ಮನ ಮಗ ವಿಷ್ಣುವರ್ಮನಿಗೆ ಪಟ್ಟ ಕಟ್ಟಿದವನು ಪಲ್ಲವ ರಾಜನೆಂದು ಹೆಬ್ಬಟದ ತಾಮ್ರಪಟ ಹೇಳುತ್ತದೆ. ಮಯೂರಶರ್ಮ ಕಂಚಿಯ ಪಲ್ಲವರ ಮೇಲೆ ಸಿಟ್ಟಿಗೆದ್ದು ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದು ಕಟ್ಟಿದ ರಾಜ್ಯದಲ್ಲಿ, ಅವನ ವಂಶದವನೊಬ್ಬ ಪಲ್ಲವರಿಂದಲೇ ಕಿರೀಟ ಪಡೆದ ಎಂಬುದನ್ನು ಓದಿದಾಗ ನನಗೆ ನಿಜವಾಗಿ ನೋವಾಗಿತ್ತು. ಮುಂದೆ ಬನವಾಸಿಯ ರವಿವರ್ಮ ಆ ವಿಷ್ಣುವರ್ಮನನ್ನು ಕೊಂದು, ಕಂಚಿಯ ಚಂಡದಂಡನನ್ನು ಕಿತ್ತೊಗೆದು ಪಲಾಶಿಕೆಯಲ್ಲಿ, ಅಂದರೆ ಖಾನಾಪುರ ತಾಲ್ಲೂಕಿನ ಇಂದಿನ ಹಲಸಿಯಲ್ಲಿ, ನೆಲೆ ನಿಂತನೆಂದು ಅಲ್ಲಿಯ ತಾಮ್ರಪಟಗಳಲ್ಲಿ ಇದೆ. ರವಿವರ್ಮನ ಮಗ ಹರಿವರ್ಮನೇ ಹಿರಿಯ ಶಾಖೆಯ ಕೊನೆಯ ಅರಸ. ಸುಮಾರು 530ರ ಹೊತ್ತಿಗೆ ಕಿರಿಯ ಶಾಖೆಯ ಎರಡನೆಯ ಕೃಷ್ಣವರ್ಮ ಬನವಾಸಿಯನ್ನು ವಶಪಡಿಸಿಕೊಂಡ. ಅವನ ಬೆಣ್ಣೂರು ತಾಮ್ರಪಟದಲ್ಲಿ ವೈಜಯಂತಿಯ ಮೇಲಿನ ವಿಜಯಯಾತ್ರೆಯ ಮಾತೇ ಬರುತ್ತದೆ. ವೈಜಯಂತಿ ಎಂದರೆ ಬನವಾಸಿಯೇ. ಸ್ವಂತ ಮನೆತನದ ರಾಜಧಾನಿಯ ಮೇಲೆ ಕದಂಬ ಅರಸನೊಬ್ಬ ದಂಡೆತ್ತಿ ಹೋದ ಸುಮಾರು ಹದಿಮೂರು ವರ್ಷಕ್ಕೆ ಬಾದಾಮಿಯ ಕೋಟೆ ಎದ್ದಿತು. ಇವೆರಡನ್ನು ಬೇರೆಬೇರೆಯಾಗಿ ಓದುವುದು ತಪ್ಪೆಂದು ನನ್ನ ಅಭಿಪ್ರಾಯ.

ಇನ್ನು ಕೀರ್ತಿವರ್ಮ. ಅವನ ಕಾಲ ಸುಮಾರು 566ರಿಂದ 596. ಐಹೊಳೆಯ ಮೇಗುಟಿ ಬಸದಿಯ ಶಾಸನದಲ್ಲಿ ಕವಿ ರವಿಕೀರ್ತಿ ಅವನನ್ನು ನಳರಿಗೂ ಕೊಂಕಣದ ಮೌರ್ಯರಿಗೂ ಕದಂಬರಿಗೂ ಕಾಳರಾತ್ರಿ, ಅಂದರೆ ವಿನಾಶದ ರಾತ್ರಿ, ಎಂದು ಕರೆಯುತ್ತಾನೆ. ಅದರ ಮುಂದಿನ ಪದ್ಯದ ಕೊನೆಯ ಸಾಲು "ಪೃಥು ಕದಂಬ ಕದಂಬ ಕದಂಬಕಮ್". ಕದಂಬರೆಂಬ ದೊಡ್ಡ ಕದಂಬ ಮರಗಳ ಗುಂಪನ್ನು ಈ ರಾಜನೆಂಬ ಮದ್ದಾನೆ ಮುರಿದು ಹಾಕಿತು ಎಂಬ ಅರ್ಥ. ತಮ್ಮ ಮನೆಯ ಬಳಿ ಬೆಳೆದ ಕದಂಬ ಮರವನ್ನು ಸಾಕಿದ್ದರಿಂದ ವಂಶಕ್ಕೆ ಆ ಹೆಸರು ಬಂತೆಂದು ತಾಳಗುಂದದ ಸ್ತಂಭಶಾಸನದಲ್ಲಿದೆ; ರವಿಕೀರ್ತಿ ಪೆಟ್ಟು ಕೊಟ್ಟದ್ದು ಆ ಹೆಮ್ಮೆಗೇ. ಇಲ್ಲಿ "ಕದಂಬಕ", ಅಂದರೆ ಗುಂಪು, ಎಂಬ ಪದ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಪ್ರಾಸಕ್ಕಾಗಿ ಬಂದಿರಬಹುದು, ಆದರೂ ಕೀರ್ತಿವರ್ಮ ಎದುರಿಸಿದ್ದು ಒಬ್ಬ ದೊರೆಯನ್ನಲ್ಲ, ಒಡೆದು ಹಂಚಿಹೋಗಿದ್ದ ಹಲವು ಕದಂಬ ಮನೆಗಳನ್ನು ಎಂಬುದಕ್ಕೆ ಅದು ಒಪ್ಪುತ್ತದೆ.

ಹೊಳೆದಂಡೆ

ನಾನು ಶಿರಸಿ ಕಡೆಯವನು, ಬನವಾಸಿ ನಮಗೆ ಹತ್ತಿರದ ಊರು. ಶಾಸನ ಓದಲು ನನಗೆ ಬರುವುದಿಲ್ಲ. ಜಾಗದ ಬಗ್ಗೆ ಮಾತ್ರ ಹೇಳಬಲ್ಲೆ.

ವರದೆ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ಅದು ಕಾಲಿನಲ್ಲಿ ದಾಟುವ ಹೊಳೆಯಂತೆ ಕಂಡೀತು. ಆಷಾಢ ಶ್ರಾವಣದಲ್ಲಿ ಬಂದು ನೋಡಿ. ನೀರು ದಡ ಮೀರಿ ಗದ್ದೆಗೆ ನುಗ್ಗಿ, ನೆಟ್ಟ ಸಸಿಯ ತುದಿಗಳಷ್ಟೇ ಕಾಣುತ್ತಿರುತ್ತವೆ. ಮಧುಕೇಶ್ವರ ದೇವಸ್ಥಾನದ ಸುತ್ತಲಿನ ಹಳೆಯ ಕೋಟೆಯ ಉಳಿಕೆಯಲ್ಲಿ ಚಿರೆಕಲ್ಲಿನ ಕಟ್ಟಣೆಯೂ ಅದರ ಅಡಿಗೆ ಇಟ್ಟಿಗೆಯೂ ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಮಣ್ಣಿನಲ್ಲಿ ಅರ್ಧ ಹೂತ ಒಂದು ಇಟ್ಟಿಗೆಗೆ ನಾನು ಅಂಗೈ ಇಟ್ಟು ನೋಡಿದ್ದೇನೆ. ಈಗಿನ ಇಟ್ಟಿಗೆಗಿಂತ ಬಹಳ ಅಗಲ. ಐಹೊಳೆಯ ಶಾಸನದಲ್ಲಿ ಬನವಾಸಿಯ ಮುತ್ತಿಗೆಯ ಪದ್ಯವೊಂದಿದೆ ಎಂದು ಕೇಳಿದ್ದೇನೆ. ಅದರಲ್ಲಿ ವರದೆಯ ಮಾತು ಬರುತ್ತದೆಯೇ?

ಶಾಸನಾಸಕ್ತ

ಬರುತ್ತದೆ. ವರದೆಯ ಎತ್ತರದ ತೆರೆಗಳ ಮೇಲೆ ಆಡುವ ಹಂಸಗಳ ಸಾಲೇ ಬನವಾಸಿಗೆ ಒಡ್ಯಾಣವಾಗಿತ್ತು, ಸಂಪತ್ತಿನಲ್ಲಿ ಆ ನಗರ ದೇವತೆಗಳ ಪಟ್ಟಣದೊಡನೆ ಸ್ಪರ್ಧಿಸುತ್ತಿತ್ತು. ಪುಲಕೇಶಿಯ ಸೇನೆಯೆಂಬ ಕಡಲು ಸುತ್ತಲಿನ ನೆಲವನ್ನೆಲ್ಲ ಮುಚ್ಚಿದಾಗ ನೋಡುವವರ ಕಣ್ಣಿಗೆ ಆ ಸ್ಥಲದುರ್ಗ ಅದೇ ಕ್ಷಣ ಜಲದುರ್ಗವಾದಂತೆ ಕಂಡಿತು ಎಂದು ರವಿಕೀರ್ತಿ ಬರೆಯುತ್ತಾನೆ. ನೀವು ಹೇಳಿದ ಮಳೆಗಾಲದ ನೋಟವನ್ನು ಓದಿದ ಮೇಲೆ, ಈ ಹೋಲಿಕೆ ಕವಿಗೆ ಬರೀ ಕಲ್ಪನೆಯಿಂದ ಹೊಳೆದದ್ದಲ್ಲ, ಬನವಾಸಿಯ ನೆಲವನ್ನು ಬಲ್ಲವರಿಂದ ಕೇಳಿದ್ದಿರಬೇಕು ಎಂದು ಅನ್ನಿಸುತ್ತಿದೆ. ಸೋಲಿಸಿದ ಊರನ್ನು ಇಷ್ಟು ಪ್ರೀತಿಯಿಂದ ವರ್ಣಿಸಿದ ವಿಜಯಶಾಸನಗಳು ಅಪರೂಪ.

ಮಲಪ್ರಭಾ

ಇಲ್ಲಿಯವರೆಗಿನ ಮಾತುಗಳನ್ನು ಗೌರವದಿಂದ ಓದಿದ್ದೇನೆ. ಒಂದು ಆಕ್ಷೇಪ ಇದೆ. ಚರ್ಚೆಯ ಶೀರ್ಷಿಕೆಯಲ್ಲಿ "ತನ್ನದಾಗಿಸಿಕೊಂಡದ್ದು" ಎಂದಿದೆ. ಕಾಳರಾತ್ರಿ, ಮದ್ದಾನೆ, ಮುತ್ತಿಗೆ ಎಂದು ಗೆದ್ದವರೇ ಹೇಳಿಕೊಂಡಿರುವಾಗ ನಾವು ಅದಕ್ಕೆ ಮೆದುವಾದ ಮಾತನ್ನು ಹುಡುಕುವುದು ಏಕೆ? ಎರಡು ತಲೆಮಾರು ದಂಡು ಹೋಗಬೇಕಾಯಿತೆಂದರೆ ಬನವಾಸಿಯ ಜನ ಬಾದಾಮಿಯನ್ನು ಒಪ್ಪಿಕೊಂಡಿರಲಿಲ್ಲ ಎಂದೇ ಅರ್ಥ. ಅದನ್ನು ಆಕ್ರಮಣ ಎಂದೇ ಕರೆಯಬೇಕು.

ಇನ್ನೊಂದು ಮಾತು. ಚಾಲುಕ್ಯರು ಕದಂಬರ ಗೋತ್ರವನ್ನೂ ಬಿರುದುಗಳನ್ನೂ ತೆಗೆದುಕೊಂಡರು, ಆದ್ದರಿಂದ ಕದಂಬ ಪರಂಪರೆ ಅವರಲ್ಲಿ ಮುಂದುವರಿಯಿತು ಎಂದು ಬೇರೆ ಕಡೆ ಓದಿದ್ದೇನೆ. ಮಾನವ್ಯ ಗೋತ್ರ, ಹಾರಿತೀಪುತ್ರ ಎಂಬವು ಕದಂಬರಿಗಿಂತ ಮೊದಲು ಬನವಾಸಿಯನ್ನು ಆಳಿದ ಚುಟುಗಳಲ್ಲಿಯೇ ಇವೆ. ಕದಂಬರ ಸ್ವಂತ ಸೊತ್ತಲ್ಲದ್ದನ್ನು ಚಾಲುಕ್ಯರು ಅವರಿಂದ ಪಡೆದರು ಎನ್ನುವುದು ಹೇಗೆ?

ತಾಳಗುಂದದ ಓದುಗ

ಮಲಪ್ರಭಾ ಅವರೇ, ನಿಮ್ಮ ಎರಡನೆಯ ಆಕ್ಷೇಪದಲ್ಲಿ ಹೇಳಿರುವ ಸಂಗತಿ ಪೂರ್ತಿ ನಿಜ. ಆದರೆ ಅದರಿಂದ ನನಗೆ ತೋರುವ ತೀರ್ಮಾನ ಬೇರೆ.

ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿ (ಮಂಡ್ಯ ಜಿಲ್ಲೆಯ ಮಳವಳ್ಳಿ ಬೇರೆ) ಒಂದು ಕಲ್ಲಿನ ಕಂಬವಿದೆ. ಅದರ ಮೇಲೆ ಎರಡು ಪ್ರಾಕೃತ ಶಾಸನಗಳಿವೆ. ಮೊದಲನೆಯದು ಮಾನವ್ಯ ಗೋತ್ರದ, ಹಾರಿತೀಪುತ್ರನಾದ, ವೈಜಯಂತೀಪುರದ ರಾಜ ಚುಟುಕುಲಾನಂದ ಶಾತಕರ್ಣಿಯದು. ಮಳಪಳಿ ದೇವರಿಗೆ ಕೊಟ್ಟ ದತ್ತಿ. ಎರಡನೆಯದು ಕದಂಬ ಅರಸನದು. ಹಿಂದೆ ವೈಜಯಂತೀಪತಿಯಾಗಿದ್ದ ಮಾನವ್ಯ ಗೋತ್ರದ ಹಾರಿತೀಪುತ್ರನು ಕೊಟ್ಟಿದ್ದ ದತ್ತಿ ಬಿಟ್ಟುಹೋಗಿದೆ ಎಂದು ಕೇಳಿ ತಾನು ಅದನ್ನು ಮತ್ತೆ ನಡೆಸಿದ್ದಾಗಿ ಅವನು ಹೇಳುತ್ತಾನೆ. ಅದೇ ಕಂಬ, ಅದೇ ದೇವರು, ಅದೇ ಪೂಜೆಯವರ ಮನೆತನ. ರಾಜವಂಶ ಮಾತ್ರ ಬೇರೆ. ಕದಂಬರು ಬನವಾಸಿಯ ಗದ್ದುಗೆಯ ಜೊತೆಗೆ ಅದರ ಹಳೆಯ ಋಣಗಳನ್ನೂ ಅದರ ಗೋತ್ರನಾಮವನ್ನೂ ಹೊತ್ತುಕೊಂಡರು. ಹಾಗಾಗಿ ಮಾನವ್ಯ ಗೋತ್ರವೂ ಹಾರಿತೀಪುತ್ರತ್ವವೂ ಒಂದು ಮನೆತನದ ರಕ್ತಕ್ಕಿಂತ ಹೆಚ್ಚಾಗಿ ಬನವಾಸಿಯ ಪೀಠಕ್ಕೆ ಸೇರಿದವು ಎಂದು ನನ್ನ ನಂಬಿಕೆ.

ಈಗ ಬಾದಾಮಿಗೆ ಬನ್ನಿ. 543ರ ಬಂಡೆಯ ಶಾಸನದಲ್ಲಿ ಮಾನವ್ಯ ಗೋತ್ರದ ಮಾತಿಲ್ಲ. ಶಕ 500ರಲ್ಲಿ, ಅಂದರೆ 578ರಲ್ಲಿ, ಕೀರ್ತಿವರ್ಮನ ಹನ್ನೆರಡನೆಯ ಆಳ್ವಿಕೆಯ ವರ್ಷದಲ್ಲಿ, ಅವನ ತಮ್ಮ ಮಂಗಳೇಶ ಬಾದಾಮಿಯ ಮೂರನೆಯ ಗುಹೆಯಲ್ಲಿ ವಿಷ್ಣುವಿನ ಮನೆಯನ್ನು ಕೊರೆಯಿಸಿ ಬರೆಸಿದ ಶಾಸನದಲ್ಲಿ ಚಾಲುಕ್ಯರು "ಮಾನವ್ಯ ಸಗೋತ್ರರು, ಹಾರಿತೀಪುತ್ರರು" ಆಗಿದ್ದಾರೆ. ಮುಂದಿನ ತಾಮ್ರಪಟಗಳಲ್ಲಿ ಸಪ್ತಮಾತೃಕೆಯರು ಬೆಳೆಸಿದವರು, ಕಾರ್ತಿಕೇಯನ ರಕ್ಷಣೆಯಿಂದ ಕಲ್ಯಾಣ ಪರಂಪರೆ ಪಡೆದವರು ಎಂಬ ಮಾತುಗಳು ಸೇರುತ್ತವೆ. ಕದಂಬರ ತಾಮ್ರಪಟಗಳ ಆರಂಭದಲ್ಲಿರುವ ಸ್ವಾಮಿ ಮಹಾಸೇನನನ್ನೂ (ಕಾರ್ತಿಕೇಯನದೇ ಇನ್ನೊಂದು ಹೆಸರು) ಮಾತೃಗಣವನ್ನೂ ಇದರ ಪಕ್ಕದಲ್ಲಿಟ್ಟು ಓದಿ. ವರಾಹ ಲಾಂಛನ ಚಾಲುಕ್ಯರದೇ. ಆದರೆ ಅದರ ಹಿಂದೆ ನಿಂತ ದೇವತೆಗಳು ಬನವಾಸಿಯವರು.

ಮಲಪ್ರಭಾ

543ರ ಶಾಸನ ಒಂದು ಚಿಕ್ಕ ಪದ್ಯಶಾಸನ. ಅದರಲ್ಲಿ ಗೋತ್ರ ಹೇಳಲು ಸ್ಥಳವೇ ಇರಲಿಲ್ಲ. ಇಲ್ಲದ್ದನ್ನು ಆಧಾರ ಮಾಡಿಕೊಳ್ಳುವುದು ಸರಿಯಲ್ಲವೆಂದು ವಿನಯದಿಂದ ಹೇಳುತ್ತೇನೆ.

ತಾಳಗುಂದದ ಓದುಗ

ಒಪ್ಪಿದೆ. ಆ ಒಂದು ಅಂಶದ ಮೇಲೆ ನಾನು ಭಾರ ಹಾಕುವುದಿಲ್ಲ. ಪೀಠದ ವಿಷಯದಲ್ಲಿ ಮಳವಳ್ಳಿಯ ಕಂಬವೇ ನನಗೆ ಸಾಕು.

ನಿಮ್ಮ ಮೊದಲನೆಯ ಆಕ್ಷೇಪಕ್ಕೆ ಸೇಂದ್ರಕರ ಉದಾಹರಣೆ ಕೊಡುತ್ತೇನೆ. ಸೇಂದ್ರಕರು ಕದಂಬರ ಸಾಮಂತರು. ಹರಿವರ್ಮನ ಐದನೆಯ ವರ್ಷದ ಹಲಸಿಯ ತಾಮ್ರಪಟದಲ್ಲಿ, ಸೇಂದ್ರಕ ಕುಲದ ಭಾನುಶಕ್ತಿ ರಾಜನ ಬಿನ್ನಹದ ಮೇರೆಗೆ ಅರಸ ಜೈನಸಂಘಕ್ಕೆ ಒಂದು ಹಳ್ಳಿಯನ್ನು ಬಿಟ್ಟುಕೊಡುತ್ತಾನೆ. ಅಂದರೆ ಆಗ ಅವರು ಬನವಾಸಿಯ ಓಲಗದವರು. ಮುಂದಿನ ತಲೆಮಾರಿನಲ್ಲಿ ಏನಾಯಿತು ನೋಡಿ. ಇಮ್ಮಡಿ ಪುಲಕೇಶಿಯ ಚಿಪ್ಳೂಣಿನ ತಾಮ್ರಪಟದಲ್ಲಿ ಸೇಂದ್ರಕ ಶ್ರೀವಲ್ಲಭ ಸೇನಾನಂದರಾಜನನ್ನು ಪುಲಕೇಶಿಯ ಸೋದರಮಾವ ಎಂದು ಕರೆದಿದೆ. ಅಂದರೆ ಕೀರ್ತಿವರ್ಮನ ರಾಣಿ ಸೇಂದ್ರಕರ ಮನೆಯ ಮಗಳು. ಕದಂಬರಿಗೆ ಬಿನ್ನಹ ಮಾಡುತ್ತಿದ್ದ ಮನೆತನ ಬಾದಾಮಿಯ ಬೀಗರ ಮನೆಯಾಯಿತು. ಮತ್ತೆ ಏಳನೆಯ ಶತಮಾನದ ಕೊನೆಗೆ ಚಾಲುಕ್ಯ ವಿನಯಾದಿತ್ಯನ ಕಾಲದ ಬಳ್ಳಿಗಾವೆಯ ಶಾಸನದಲ್ಲಿ ಸೇಂದ್ರಕ ಪೊಗಿಲ್ಲಿ ನಾಯರಖಂಡವನ್ನು ಆಳುತ್ತಿದ್ದಾನೆ. ಆ ನೆಲ ಬನವಾಸಿಯ ಮಗ್ಗುಲಲ್ಲೇ ಇದೆ.

ಮುತ್ತಿಗೆ ನಡೆಯಿತು, ಜನ ಸತ್ತರು. ಅದನ್ನು ಮರೆಮಾಚುವ ಆಸೆ ನನಗಿಲ್ಲ. ಆದರೆ ಕೋಟೆ ಬಿದ್ದ ಮೇಲೆ ಆ ನೆಲವನ್ನು ಬಾದಾಮಿಯ ಹೆಸರಿನಲ್ಲಿ ಹಿಡಿದು ನಿಂತವರಲ್ಲಿ ಕದಂಬರ ಹಳೆಯ ಸಾಮಂತರೇ ಇದ್ದರು. ಅವರಿಲ್ಲದೆ ದಂಡು ಊರನ್ನು ಗೆಲ್ಲಬಹುದಿತ್ತು. ಗದ್ದೆಯ ಕಂದಾಯ ಎತ್ತಲು ಆಗುತ್ತಿರಲಿಲ್ಲ.

ಕೊಡಚಾದ್ರಿ

ಇದಕ್ಕೆ ಕರಾವಳಿಯ ಅರಸುಮನೆತನವಾದ ಆಳುಪರನ್ನೂ ಸೇರಿಸಬೇಕು. ಬನವಾಸಿಯ ಮುತ್ತಿಗೆಯ ಪದ್ಯದ ನಂತರದ ಪದ್ಯದಲ್ಲಿಯೇ ಐಹೊಳೆಯ ಶಾಸನ ಗಂಗರೂ ಆಳುಪರೂ ಪುಲಕೇಶಿಯ ಸೇವೆಯೆಂಬ ಅಮೃತವನ್ನು ಸವಿದರು ಎನ್ನುತ್ತದೆ. ಗಂಗರ ಮಟ್ಟಿಗೆ ಇದು ಸಣ್ಣ ಮಾತಲ್ಲ. ಗಂಗ ಅವಿನೀತ ಕದಂಬ ಕೃಷ್ಣವರ್ಮನ ಪ್ರೀತಿಯ ಸೋದರಳಿಯನೆಂದು ಗಂಗರ ತಾಮ್ರಪಟಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಬನವಾಸಿಯ ನಂಟರು ಬಾದಾಮಿಯ ಸೇವಕರಾದರು.

ಶೃಂಗೇರಿ ಬಳಿಯ ಕಿಗ್ಗದ ಶಾಸನದಲ್ಲಿ ಆಳುಪ ಅರಸ ಗುಣಸಾಗರ ಕದಂಬಮಂಡಲವನ್ನು ಆಳುತ್ತಿದ್ದಾನೆ. ಕದಂಬ ಅರಸರ ಆಳ್ವಿಕೆ ಹೋದ ಮೇಲೆಯೂ ನಾಡಿನ ಹೆಸರು ಕದಂಬಮಂಡಲವೇ ಆಗಿ ಉಳಿದದ್ದನ್ನು ಗಮನಿಸಬೇಕು. ಗುಣಸಾಗರನ ಮಗ ಚಿತ್ರವಾಹನನಿಗೆ ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿಯನ್ನು ಕೊಟ್ಟು ಮದುವೆ ಮಾಡಿದ್ದರು. ಆ ಅಳಿಯನನ್ನು ನೋಡಲು ವಿಜಯಾದಿತ್ಯ ಬನವಾಸಿಗೆ ಬಂದದ್ದನ್ನು ಶಿಗ್ಗಾಂವಿಯ 707ರ ತಾಮ್ರಪಟ ದಾಖಲಿಸಿದೆ. ನೂರು ವರ್ಷದ ಹಿಂದೆ ಮುತ್ತಜ್ಜ ದಂಡು ಕಟ್ಟಿಕೊಂಡು ಬಂದಿದ್ದ ಊರಿಗೆ ಮರಿಮಗ ಬೀಗರ ಮನೆಗೆಂದು ಬಂದ.

ವರದಾತೀರ

ಎಲ್ಲರಿಗೂ ಕೃತಜ್ಞತೆಗಳು. ನಾನು ಕೇಳಿದ ಮೂಲ ಪ್ರಶ್ನೆ ಇನ್ನೂ ಉಳಿದಿದೆ. 610ರ ಮೇಲೆ ಕೋಟೆಯೊಳಗೆ ಇದ್ದವರು ಯಾರು?

ಶಾಸನಾಸಕ್ತ

ಐಹೊಳೆಯ ಶಾಸನ ಹೆಸರು ಹೇಳುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಕದಂಬನೊಬ್ಬ ತಲೆಯೆತ್ತಿದ್ದಕ್ಕೆ ಕಾರಣ ಬಾದಾಮಿಯಲ್ಲಿಯೇ ಇತ್ತು. ಕೀರ್ತಿವರ್ಮ ತೀರಿಕೊಂಡಾಗ ಮಕ್ಕಳು ಚಿಕ್ಕವರಾದ್ದರಿಂದ ಮಂಗಳೇಶ ಪಟ್ಟಕ್ಕೆ ಬಂದ. ಮುಂದೆ ಅವನು ತನ್ನ ಮಗನಿಗೇ ರಾಜ್ಯ ಉಳಿಸಲು ಹೋದಾಗ ಪುಲಕೇಶಿ ಚಿಕ್ಕಪ್ಪನ ಮೇಲೆ ತಿರುಗಿಬಿದ್ದ. ಆ ಒಳಜಗಳದಲ್ಲಿ ಮಂಗಳೇಶ ಸತ್ತ. ಆಗ ಜಗತ್ತೆಲ್ಲ ಶತ್ರುಗಳ ಕತ್ತಲೆಯಲ್ಲಿ ಮುಳುಗಿತ್ತೆಂದು ರವಿಕೀರ್ತಿಯೇ ಬರೆದಿದ್ದಾನೆ. ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಭೀಮರಥಿ, ಅಂದರೆ ಭೀಮಾ ನದಿಯ ಕಡೆ ಏರಿ ಬಂದರು. ಕೀರ್ತಿವರ್ಮ ತಗ್ಗಿಸಿದ್ದ ಬನವಾಸಿ ಇದೇ ಬಿರುಕಿನಲ್ಲಿ ಕೈಜಾರಿರಬೇಕು. ಎರಡನೆಯ ಕೃಷ್ಣವರ್ಮನ ಮೊಮ್ಮಗ, ಅಜವರ್ಮನ ಮಗ ಭೋಗಿವರ್ಮನ ತಗರೆಯ ತಾಮ್ರಪಟ ಬೇಲೂರು ಸೀಮೆಯಲ್ಲಿ ಸಿಕ್ಕಿದೆ. ತನ್ನ ತೋಳಬಲದಿಂದ ವಿಶಾಲವಾದ ರಾಜ್ಯವನ್ನು ಗಳಿಸಿದವನೆಂದು ಅದರಲ್ಲಿ ಅವನ ವರ್ಣನೆ ಇದೆ. ಅಪ್ಪನಿಂದ ಸುಮ್ಮನೆ ಬಂದ ರಾಜ್ಯವಾಗಿದ್ದರೆ ತೋಳಬಲದ ಮಾತು ಬೇಕಿರಲಿಲ್ಲ. ಮುತ್ತಿಗೆಯ ಸಮಯದಲ್ಲಿ ಬನವಾಸಿಯಲ್ಲಿದ್ದವನು ಈ ಭೋಗಿವರ್ಮನೇ ಎಂಬುದು ಇತಿಹಾಸಕಾರರ ಊಹೆ. ಊಹೆಯೆಂದೇ ಮಕ್ಕಳಿಗೆ ಹೇಳಿ.

ಒಂದು ವಿಷಯ ಮಾತ್ರ ಗಟ್ಟಿ. ವಿನಯಾದಿತ್ಯನೇ ಮೊದಲಾದ ಮುಂದಿನ ಚಾಲುಕ್ಯರ ತಾಮ್ರಪಟಗಳಲ್ಲಿ ಕೀರ್ತಿವರ್ಮನ ಹೆಸರು ಬಂದಲ್ಲೆಲ್ಲ "ವನವಾಸಿ ಮೊದಲಾದ" ಶತ್ರುರಾಜರ ಮಂಡಲಗಳಲ್ಲಿ ಕೀರ್ತಿಪತಾಕೆ ನೆಟ್ಟವನು ಎಂಬ ವಿಶೇಷಣ ಇರುತ್ತದೆ. ಮಹಾಕೂಟದ ಕಂಬದಲ್ಲಿ ಅವನು ವಂಗ, ಅಂಗ, ಕಳಿಂಗ, ಮಗಧಗಳನ್ನೂ ಗೆದ್ದನೆಂಬ ಪಟ್ಟಿಯ ಕೊನೆಯಲ್ಲಿ ವೈಜಯಂತಿ ಬರುತ್ತದೆ. ತಲೆಮಾರುಗಳು ಕಳೆದಂತೆ ವಂಗ ಮಗಧಗಳ ಉತ್ಪ್ರೇಕ್ಷೆ ಕಳಚಿ, ಪಟ್ಟಿಯ ಕೊನೆಯಲ್ಲಿದ್ದ ಬನವಾಸಿ ಮೊದಲಿಗೆ ಬಂತು.

ಮಲಪ್ರಭಾ

ಈ ಕೊನೆಯ ಅಂಶ ನನಗೆ ಗೊತ್ತಿರಲಿಲ್ಲ. ಆಕ್ರಮಣ ಎಂಬ ಪದವನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಸೇಂದ್ರಕರ ವಿಷಯವನ್ನು ಮತ್ತೊಮ್ಮೆ ಓದುತ್ತೇನೆ.

ವರದಾತೀರ

ಇಂದು ತರಗತಿಯಲ್ಲಿ 540 ಎಂದು ಬರೆದದ್ದನ್ನು ಅಳಿಸಿ, 530, 543, 578, 610 ಎಂದು ನಾಲ್ಕು ವರ್ಷ ಬರೆದು, ಒಂದೊಂದರ ಎದುರಿಗೂ ಏನಾಯಿತೆಂದು ಹೇಳಿದೆ. 530 ಮತ್ತು 610 ಅಂದಾಜಿನವು ಎಂದೂ ತಿಳಿಸಿದೆ. ಆಮೇಲೆ ಮಕ್ಕಳಿಗೆ ನಕಾಶೆ ಕೊಟ್ಟು ಚಾಲುಕ್ಯ ರಾಜ್ಯಕ್ಕೆ ಬಣ್ಣ ತುಂಬಿರೆಂದೆ. ಅದೇ ಹುಡುಗಿ ಬನವಾಸಿಯ ಸುತ್ತ ಬಣ್ಣ ಹಾಕದೆ ಬಿಟ್ಟು, ಪೆನ್ಸಿಲ್‌ನಲ್ಲಿ "ಕದಂಬಮಂಡಲ, ಆಳುಪ ಗುಣಸಾಗರ" ಎಂದು ಬರೆದಿದ್ದಾಳೆ. ಇದಕ್ಕೆ ಯಾವ ಬಣ್ಣ ಹಾಕಲಿ ಎಂದು ನಾಳೆ ಕೇಳುತ್ತಾಳಂತೆ. ಮಳವಳ್ಳಿಯ ಕಂಬದ ಚಿತ್ರ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇಲ್ಲಿ ಹಾಕಿ. ನಾಳೆ ಮೂರನೆಯ ಅವಧಿಗೆ ಮೊದಲು ಸಿಕ್ಕರೆ ಅವಳಿಗೆ ತೋರಿಸುತ್ತೇನೆ.